ಹೊಸ ಒಡಂಬಡಿಕೆಯ ಹೆಸರುಗಳು: ಅರ್ಥ ಯಾವ ಭಾಷೆಯಲ್ಲಿ ಹುಡುಕಬೇಕು?

ಪದಪೆಟ್ಟಿಗೆ ಕೇಳಿದ್ದು:

ಹೊಸ ಒಡಂಬಡಿಕೆಯ ವ್ಯಕ್ತಿನಾಮಗಳಿಗೆ ಒಂದು ಚಿಕ್ಕ ಕೋಶ ತಯಾರಾಗುತ್ತಿದೆ. ಹೆಸರು, ಮೂಲಭಾಷೆ, ಅರ್ಥ, ಬರುವ ವಚನ, ಇಷ್ಟಿದ್ದರೆ ಸಾಕು. ತೊಂದರೆ ಏನೆಂದರೆ ಜಾಲತಾಣಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮರಿಯ ಎಂದರೆ ಒಂದು ಕಡೆ ‘ಕಹಿ’, ಇನ್ನೊಂದು ಕಡೆ ‘ಸಮುದ್ರದ ನಕ್ಷತ್ರ’, ಮತ್ತೊಂದು ಕಡೆ ‘ಪ್ರಿಯೆ’. ಪೌಲ ‘ಚಿಕ್ಕವನು’ ಎಂದೂ ಇದೆ, ಹೀಬ್ರೂವಿನಲ್ಲಿ ‘ಅದ್ಭುತ’ ಎಂದೂ ಇದೆ. ಬಾರ್ನಬನ ಹೆಸರಿಗೆ ವಚನದಲ್ಲೇ ಅರ್ಥ ಕೊಟ್ಟಿದ್ದರೂ ಅದು ಹೊಂದುವುದಿಲ್ಲ ಎನ್ನುತ್ತಾರೆ. ಕೆಲವು ಪಟ್ಟಿಗಳಂತೂ ಫಿಲಿಪ್ಪನಿಗೂ ಹೀಬ್ರೂ ಅರ್ಥ ಹಚ್ಚಿವೆ!

ಒಂದೊಂದೇ ಹೆಸರಿಗೆ ಉತ್ತರ ಕೊಡುವುದಕ್ಕಿಂತ, ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂದು ತಿಳಿದವರು ಹೇಳಿದರೆ ಉಪಕಾರ. ಇಸ್ಕರಿಯೋತ (ಯೇಸುವನ್ನು ಹಿಡಿದುಕೊಟ್ಟ ಯೂದನ ವಿಶೇಷಣ), ಯೂನ್ಯ, ಸೌಲ–ಪೌಲ ಈ ಮೂರರ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಬರೆಯಿರಿ.

ತಾಳೆಗರಿ ಉತ್ತರ:

ಗ್ರೀಕ್ ರೂಪ ಎದುರಿಗಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕನ್ನಡ ರೂಪದಿಂದ ನೇರವಾಗಿ ಹೀಬ್ರೂವಿಗೆ ಹಾರಿದರೆ ಹತ್ತರಲ್ಲಿ ಮೂರು ನಾಲ್ಕು ತಪ್ಪುವುದು ಖಂಡಿತ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಆದರೂ ಅದರೊಳಗಿನ ಹೆಸರುಗಳು ಹೀಬ್ರೂ, ಅರಾಮಿಕ್, ಗ್ರೀಕ್, ಲ್ಯಾಟಿನ್ ಎಂಬ ನಾಲ್ಕು ಭಾಷೆಗಳಿಂದ ಬಂದಿವೆ. ಮೊದಲು ಭಾಷೆ ಗೊತ್ತಾಗಬೇಕು, ಅರ್ಥದ ಮಾತು ಆಮೇಲೆ.

ಮೊದಲು ನೋಡಬೇಕಾದದ್ದು ಆ ಹೆಸರಿಗೆ ಗ್ರೀಕಿನಲ್ಲಿ ವಿಭಕ್ತಿ ಹತ್ತುತ್ತದೆಯೇ ಎಂಬುದನ್ನು. ಪಿತೃವಾದ ಯಾಕೋಬನನ್ನು ಗ್ರೀಕಿನಲ್ಲಿ ‘ಇಯಾಕೋಬ್’ ಎಂದೇ ಬಿಟ್ಟಿದ್ದಾರೆ, ವಿಭಕ್ತಿ ಇಲ್ಲ. ಜೆಬೆದಾಯನ ಮಗ ಯಾಕೋಬ, ಯೇಸುವಿನ ತಮ್ಮ ಯಾಕೋಬ ಇವರು ಮಾತ್ರ ‘ಇಯಾಕೋಬೊಸ್’, ಪೂರ್ತಿ ಗ್ರೀಕ್ ಪ್ರತ್ಯಯ. ಬೈಬಲಿನ ಮೂಲಪದಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಪದಸೂಚಿಯಲ್ಲಿ ಮೊದಲನೆಯದು 2384, ಎರಡನೆಯದು 2385. ಕನ್ನಡದಲ್ಲಿ ಎರಡೂ ಯಾಕೋಬವೇ ಆದ್ದರಿಂದ ವ್ಯತ್ಯಾಸ ಕಾಣುವುದಿಲ್ಲ. (ಸ್ಟ್ರಾಂಗ್ ಸೂಚಿ 1890ರದು. ವಚನ ಹುಡುಕಲು ಚೆನ್ನಾಗಿದೆ, ಅದರಲ್ಲಿ ಕೊಟ್ಟ ಅರ್ಥವನ್ನು ಹಾಗೇ ನಕಲು ಮಾಡಬೇಡಿ.)

ಆಮೇಲೆ ಗ್ರೀಕ್ ಬಾಲವನ್ನು ಕಳಚಿ, ಗ್ರೀಕಿಗೆ ಬಂದಾಗ ಬಿದ್ದುಹೋದ ಅಕ್ಷರಗಳನ್ನು ಮರಳಿ ಕೂಡಿಸಬೇಕು. ಗ್ರೀಕಿನಲ್ಲಿ ‘ಶ’ ಇಲ್ಲ, ಅದು ‘ಸ’ ಆಗುತ್ತದೆ. ಹೀಬ್ರೂವಿನ ಗಂಟಲಕ್ಷರಗಳು ಬಹುಮಟ್ಟಿಗೆ ಉದುರಿಹೋಗುತ್ತವೆ. ಗಂಡಸಿನ ಹೆಸರಿಗೆ ಕೊನೆಯಲ್ಲಿ ‘ಸ್’ ಸೇರಿಕೊಳ್ಳುತ್ತದೆ. ಇದನ್ನು ಕನ್ನಡ ಸತ್ಯವೇದದೊಳಗೇ ಪರೀಕ್ಷಿಸಿ ನೋಡಬಹುದು. ಹಳೆಯ ಒಡಂಬಡಿಕೆ ಹೀಬ್ರೂವಿನಿಂದ ಬಂದದ್ದರಿಂದ ಸಮುವೇಲನ ತಾಯಿ ‘ಹನ್ನ’, ದಾನಿಯೇಲನ ಗೆಳೆಯ ‘ಹನನ್ಯ’. ಹೊಸ ಒಡಂಬಡಿಕೆ ಗ್ರೀಕಿನಿಂದ ಬಂದದ್ದರಿಂದ ಲೂಕ 2:36ರ ಪ್ರವಾದಿನಿ ‘ಅನ್ನ’, ಅಪೊಸ್ತಲರ ಕೃತ್ಯಗಳು 5:1ರವನು ‘ಅನನೀಯ’. ಹೆಸರುಗಳು ಅವೇ. ನಿಮ್ಮ ಕೋಶದಲ್ಲಿ ಇಂಥ ಜೋಡಿಗಳನ್ನು ಒಂದೇ ನಮೂದಿನ ಕೆಳಗೆ ತರದಿದ್ದರೆ ಓದುಗರಿಗೆ ಕೊಂಡಿಯೇ ಸಿಗುವುದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಯೇಸು. ಪೂರ್ಣರೂಪ ‘ಯೆಹೋಶುವ’. ಬಾಬೆಲಿನ ಸೆರೆವಾಸದ ನಂತರದ ಪುಸ್ತಕಗಳಲ್ಲಿ ಅದು ‘ಯೇಷೂವ’ ಎಂದು ಮೊಟಕಾಗಿದೆ, ನೆಹೆಮೀಯ 8:17ರ ಹೀಬ್ರೂ ಪಾಠದಲ್ಲಿ ನೂನನ ಮಗ ಯೆಹೋಶುವನನ್ನೇ ಆ ಮೊಟಕು ರೂಪದಿಂದ ಕರೆದಿದೆ. ‘ಶ’ ಹೋಗಿ ‘ಸ’ ಬಂತು, ಕೊನೆಯ ಗಂಟಲಕ್ಷರ ಬಿತ್ತು, ಗ್ರೀಕ್ ‘ಸ್’ ಸೇರಿತು, ‘ಇಯೇಸೂಸ್’ ಆಯಿತು. ಕ್ರಿಸ್ತಪೂರ್ವದಲ್ಲೇ ಆದ ಸೆಪ್ಟುಅಜಿಂಟ್ ಗ್ರೀಕ್ ಅನುವಾದದಲ್ಲಿ ಯೆಹೋಶುವನಿಗೆ ಇದೇ ರೂಪ ಇದೆ. ಹಾಗಾಗಿಯೇ ಅಪೊಸ್ತಲರ ಕೃತ್ಯಗಳು 7:45 ಮತ್ತು ಇಬ್ರಿಯರಿಗೆ 4:8ರ ಗ್ರೀಕಿನಲ್ಲಿ ‘ಇಯೇಸೂಸ್’ ಎಂದಿದ್ದರೂ ಅಲ್ಲಿರುವವನು ಯೆಹೋಶುವ. 1611ರ ಇಂಗ್ಲಿಷ್ ಅನುವಾದಕರು ಎರಡೂ ಕಡೆ ಯೇಸುವಿನ ಹೆಸರನ್ನೇ ಹಾಕಿ ಓದುಗರನ್ನು ಗಲಿಬಿಲಿಗೆ ಕೆಡವಿದರು. ‘ಜೀಯಸ್ ದೇವತೆಯಿಂದ ಬಂದ ಹೆಸರು’ ಎನ್ನುವ ಪ್ರಚಾರಕ್ಕೂ ಇದೇ ಸೆಪ್ಟುಅಜಿಂಟ್ ಉತ್ತರ. ನಮ್ಮ ಕಡೆಯ ‘ಈಶನೇ ಯೇಸು, ಕೃಷ್ಣನೇ ಕ್ರಿಸ್ತ’ ಎಂಬುದೂ ಬರೀ ಧ್ವನಿಸಾಮ್ಯ. ಕ್ರಿಸ್ತ ಎಂಬುದು ಎಣ್ಣೆ ಸವರು ಎಂಬ ಗ್ರೀಕ್ ಧಾತುವಿನದು, ‘ಮೆಸ್ಸೀಯ’ ಎಂಬುದರ ಅನುವಾದ, ಯೋಹಾನ 1:41ರಲ್ಲಿ ಅದನ್ನೇ ಹೇಳಿದೆ.

ಕೊನೆಯದಾಗಿ, ಆ ಹೆಸರಿಗೆ ಪಠ್ಯವೇ ಅರ್ಥ ಹೇಳುತ್ತದೆಯೇ ನೋಡಿ. ಮತ್ತಾಯ 1:21, 1:23, ಮಾರ್ಕ 3:17, ಯೋಹಾನ 1:42, ಅಪೊಸ್ತಲರ ಕೃತ್ಯಗಳು 4:36, 9:36, ಇಬ್ರಿಯರಿಗೆ 7:2 ಇಂಥ ಕಡೆಗಳಲ್ಲಿ ಮಾತ್ರ ಹೆಸರಿನ ಅರ್ಥಕ್ಕೆ ಕಥೆಯೊಳಗೆ ಕೆಲಸವಿದೆ. ಉಳಿದ ಕಡೆ ಅದು ಬರೀ ವ್ಯುತ್ಪತ್ತಿ. ಸ್ತೆಫನ ಎಂದರೆ ಗ್ರೀಕಿನಲ್ಲಿ ಹೂವಿನ ಕಿರೀಟ, ನಿಜ. ಅದರಿಂದ ‘ರಕ್ತಸಾಕ್ಷಿಯ ಕಿರೀಟಕ್ಕಾಗಿಯೇ ಆ ಹೆಸರು ಬಂತು’ ಎಂದು ಬರೆದರೆ ಅದು ಉಪದೇಶವಾಗುತ್ತದೆ, ಕೋಶವಾಗುವುದಿಲ್ಲ. ಆ ಕಾಲದ ಗ್ರೀಕರಲ್ಲಿ ಅದು ಸಾಮಾನ್ಯ ಹೆಸರು.

ಶಿಲಾಕ್ಷರ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಕೆ. ಶಾಸನಗಳನ್ನೂ ಎಲುಬುಪೆಟ್ಟಿಗೆಗಳ ಮೇಲಿನ ಬರಹಗಳನ್ನೂ ಬಿಟ್ಟರೆ ಹೆಸರಿನ ಅಧ್ಯಯನ ಅರ್ಧಕ್ಕೇ ನಿಲ್ಲುತ್ತದೆ. ತಾಲ್ ಇಲಾನ್ 2002ರಲ್ಲಿ ಹೊರತಂದ ಯೆಹೂದಿ ಹೆಸರುಗಳ ಕೋಶದ ಮೊದಲ ಸಂಪುಟ ಕ್ರಿ.ಪೂ. 330ರಿಂದ ಕ್ರಿ.ಶ. 200ರವರೆಗಿನ ಪಾಲೆಸ್ತೀನದ ಹೆಸರುಗಳನ್ನು ಒಟ್ಟುಗೂಡಿಸಿದೆ. ಅದರ ಆಧಾರದ ಮೇಲೆ ರಿಚರ್ಡ್ ಬೌಕಮ್ ಮಾಡಿದ ಎಣಿಕೆಯಂತೆ ಗಂಡಸರಲ್ಲಿ ಶೇ. 15.6 ಮಂದಿ ಸೀಮೋನ ಅಥವಾ ಯೋಸೇಫ, ಹೆಂಗಸರಲ್ಲಿ ಶೇ. 28.6 ಮಂದಿ ಮರಿಯ ಅಥವಾ ಸಲೋಮೆ. ಸೀಮೋನ, ಯೂದ, ಯೋಹಾನ, ಮತ್ತಾಯ, ಎಲಿಯಾಜರ ಇವೆಲ್ಲ ಯೆಹೂದಿಗಳನ್ನು ಆಳಿದ ಹಸ್ಮೋನಿಯ ಮನೆತನದ ವೀರರ ಹೆಸರುಗಳು, ಜನಪ್ರಿಯತೆಗೆ ಅದೂ ಒಂದು ಕಾರಣ.

ಇಷ್ಟೊಂದು ಜನಕ್ಕೆ ಒಂದೇ ಹೆಸರಾದರೆ ಕರೆಯುವುದು ಹೇಗೆ? ಅದಕ್ಕೇ ವಿಶೇಷಣಗಳು. ಒಬ್ಬ ಸೀಮೋನ ಪೇತ್ರ, ಒಬ್ಬ ಕುರೇನ್ಯದವನು (ಮಾರ್ಕ 15:21), ಒಬ್ಬ ಕುಷ್ಠರೋಗಿ (ಮಾರ್ಕ 14:3), ಒಬ್ಬ ಚರ್ಮ ಹದಮಾಡುವವನು (ಅಪೊಸ್ತಲರ ಕೃತ್ಯಗಳು 9:43), ಒಬ್ಬ ಯೇಸುವಿನ ತಮ್ಮ (ಮಾರ್ಕ 6:3). ಮರಿಯರಲ್ಲಿ ಒಬ್ಬಳು ಮಗ್ದಲದವಳು, ಒಬ್ಬಳು ಕ್ಲೋಪನವಳು, ಒಬ್ಬಳು ಮಾರ್ಕನೆನಿಸಿಕೊಂಡ ಯೋಹಾನನ ತಾಯಿ. ಕೋಶದಲ್ಲಿ ಈ ವಿಶೇಷಣಗಳಿಗೂ ನಮೂದು ಬೇಕು, ಏಕೆಂದರೆ ತಪ್ಪು ಹೆಚ್ಚಾಗಿ ಆಗುವುದು ಅಲ್ಲೇ. ಮಾರ್ಕ 3:18ರ ಗ್ರೀಕಿನಲ್ಲಿ ಸೀಮೋನನಿಗಿರುವ ‘ಕನನಾಯೊಸ್’ ಎಂಬ ವಿಶೇಷಣವನ್ನು ‘ಕಾನಾನ್ ದೇಶದವನು’ ಎಂದು ಅನೇಕರು ಬರೆದಿದ್ದಾರೆ. ಅದು ‘ಕನ್‌ಆನಾ’ ಎಂಬ ಅರಾಮಿಕ್ ಪದ, ಧರ್ಮದ ವಿಷಯದಲ್ಲಿ ಆವೇಶವುಳ್ಳವನು. ಲೂಕ 6:15ರಲ್ಲಿ ಅದನ್ನೇ ಗ್ರೀಕಿಗೆ ತಿರುಗಿಸಿ ‘ಜೆಲೋತೇಸ್’ ಎಂದಿದೆ. ಕಾನಾನಿಗೂ ಅದಕ್ಕೂ ಸಂಬಂಧವಿಲ್ಲ.

‘ಬಾರ್’ ಎಂದು ಶುರುವಾಗುವುದರಲ್ಲಿ ಹೆಚ್ಚಿನದು ಅರಾಮಿಕ್‌ನ ‘ಮಗ’. ಬರಬ್ಬ, ಬಾರ್ತಿಮಾಯ, ಬಾರ್ತೊಲೊಮಾಯ ಇವು ತಂದೆಯ ಗುರುತು, ಸ್ವಂತ ಹೆಸರು ಬೇರೆ ಇದ್ದಿರಬಹುದು. ಮತ್ತಾಯ 27:16–17ರಲ್ಲಿ ಕೆಲವು ಹಸ್ತಪ್ರತಿಗಳು ‘ಯೇಸು ಬರಬ್ಬ’ ಎಂದೇ ಓದುತ್ತವೆ. 3ನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನನಿಗೂ ಆ ಪಾಠ ಗೊತ್ತಿತ್ತು, ಅವನಿಗೆ ಅದು ಹಿಡಿಸಲಿಲ್ಲ ಅಷ್ಟೆ.

ಪದಪೆಟ್ಟಿಗೆ:

ಹಾಗಾದರೆ ಇಸ್ಕರಿಯೋತ ಎಂಬುದು ಊರೋ, ಬಿರುದೋ? ‘ಕಠಾರಿ ಹಿಡಿದವನು’ ಎಂಬ ಅರ್ಥವೂ ಒಂದು ಕಡೆ ಸಿಕ್ಕಿತು.

ತಾಳೆಗರಿ:

ಊರು ಎಂದೇ ಬರೆಯಿರಿ. ‘ಈಶ್ ಕೆರಿಯೋತ್’, ಕೆರಿಯೋತಿನ ಮನುಷ್ಯ. ಯೆಹೋಶುವ 15:25ರಲ್ಲಿ ಯೆಹೂದ ಸೀಮೆಯ ಅಂಥ ಊರಿನ ಹೆಸರು ಬರುತ್ತದೆ. ಇದಕ್ಕೆ ಎರಡು ಆಧಾರ. ಯೋಹಾನ 6:71 ಮತ್ತು 13:26ರ ಒಳ್ಳೆಯ ಹಸ್ತಪ್ರತಿಗಳಲ್ಲಿ ಈ ವಿಶೇಷಣ ಯೂದನ ತಂದೆ ಸೀಮೋನನಿಗೆ ಹತ್ತಿದೆ, ಅಪ್ಪ ಮಗ ಇಬ್ಬರಿಗೂ ಹೊಂದುವುದು ಊರಿನ ಹೆಸರು. ಬೇಜಾ ಎಂಬ ಹಳೆಯ ಹಸ್ತಪ್ರತಿಯಂತೂ ಯೋಹಾನನ ಸುವಾರ್ತೆಯಲ್ಲಿ ‘ಕರಿಯೋತಿನಿಂದ’ ಎಂದು ಬಿಡಿಸಿಯೇ ಬರೆದಿದೆ.

ಕಠಾರಿಯ ವಾದ ಲ್ಯಾಟಿನ್ನಿನ ‘ಸಿಕಾರಿಯಸ್’ ಎಂಬುದರ ಮೇಲೆ ನಿಂತಿದೆ. ಆ ಹೆಸರಿನ ಕಠಾರಿಗಾರರ ಗುಂಪು ತಲೆಯೆತ್ತಿದ್ದು ರೋಮನ್ ಅಧಿಪತಿ ಫೆಲಿಕ್ಸನ ಆಡಳಿತದಲ್ಲಿ, ಅಂದರೆ ಕ್ರಿ.ಶ. 50ರ ದಶಕದಲ್ಲಿ ಎಂದು ಯೆಹೂದಿ ಚರಿತ್ರೆಕಾರ ಯೋಸೇಫಸನ ಬರಹದಿಂದ ತಿಳಿಯುತ್ತದೆ. ಯೂದ ಸತ್ತು ಇಪ್ಪತ್ತು ವರ್ಷವಾದ ಮೇಲಿನ ಮಾತು. ಪದದ ಮೊದಲಲ್ಲಿರುವ ‘ಇ’ ಎಲ್ಲಿಂದ ಬಂತು ಎಂಬುದಕ್ಕೂ ಆ ವಾದದಲ್ಲಿ ನೇರ ಉತ್ತರವಿಲ್ಲ. ಬೇಕಾದರೆ ‘ಇನ್ನೊಂದು ಊಹೆ’ ಎಂದು ಒಂದು ಸಾಲು ಹಾಕಿ.

ಸೌಲ–ಪೌಲದ ವಿಷಯ ಇನ್ನೂ ಸರಳ. ‘ಮನಸ್ಸು ತಿರುಗಿದ ಮೇಲೆ ದೇವರು ಹೆಸರು ಬದಲಾಯಿಸಿದನು’ ಎಂದು ಪ್ರಸಂಗಗಳಲ್ಲಿ ಕೇಳಿಬರುತ್ತದೆ. ಪಠ್ಯದಲ್ಲಿ ಹಾಗಿಲ್ಲ. ಅವನ ಮನಸ್ಸು ತಿರುಗಿದ ದಮಸ್ಕದ ದಾರಿಯ ಘಟನೆ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯ, ಆಮೇಲೂ ಅವನು ಸೌಲನೇ. 13:9ರಲ್ಲಿ ‘ಪೌಲನೆನಿಸಿಕೊಳ್ಳುವ ಸೌಲನು’ ಎಂಬ ಅರ್ಥದ ಮಾತು ಬರುತ್ತದೆ, ಅಂದರೆ ಎರಡೂ ಹೆಸರು ಒಟ್ಟಿಗೇ ಇದ್ದವು. ಹುಟ್ಟಿನಿಂದ ರೋಮಿನ ಪ್ರಜೆಯಾದವನಿಗೆ (22:28) ಲ್ಯಾಟಿನ್ ಹೆಸರು ಇದ್ದೇ ಇರುತ್ತದೆ. ‘ಪೌಲುಸ್’ ರೋಮನ್ನರ ಹಳೆಯ ಉಪನಾಮ, ಅರ್ಥ ‘ಚಿಕ್ಕವನು’. ಅದೇ ಅಧ್ಯಾಯದಲ್ಲಿ ಸೈಪ್ರಸ್ಸಿನ ಅಧಿಪತಿ ಸೆರ್ಗ್ಯ ಪೌಲನೂ ಇದ್ದಾನೆ, ಅವನನ್ನು ಯಾರೂ ಮತಾಂತರದಿಂದ ಪೌಲನಾದ ಎನ್ನುವುದಿಲ್ಲವಲ್ಲ. ಸೌಲ ಎಂಬುದು ‘ಶಾಊಲ್’, ‘ಕೇಳಿ ಪಡೆದವನು’, ಬೆನ್ಯಾಮೀನ್ ಕುಲದ ಮೊದಲ ಅರಸನ ಹೆಸರು, ಇವನೂ ಅದೇ ಕುಲ (ಫಿಲಿಪ್ಪಿ 3:5). ಗ್ರೀಕಿನಲ್ಲಿ ‘ಸೌಲೊಸ್’ ಎಂದರೆ ಬಳುಕುತ್ತ ನಡೆಯುವ ಎಂಬ ಅರ್ಥವೂ ಇದ್ದದ್ದರಿಂದ ಗ್ರೀಕರ ನಡುವೆ ಪೌಲ ಎಂಬುದೇ ಅನುಕೂಲವಾಗಿತ್ತು ಎನ್ನುವವರಿದ್ದಾರೆ.

ಸೀಲನದೂ ಇಂಥದ್ದೇ ಕಥೆ. ಶಾಊಲ್ ಎಂಬುದರ ಅರಾಮಿಕ್ ರೂಪದಿಂದ ‘ಸೀಲಾಸ್’, ಅದಕ್ಕೆ ಹತ್ತಿರ ಕೇಳಿಸುವ ಲ್ಯಾಟಿನ್ ಹೆಸರು ‘ಸಿಲ್ವಾನ’. ಲೂಕನ ಬರಹದಲ್ಲಿ ಮೊದಲನೆಯದು, ಪೌಲನ ಪತ್ರಗಳಲ್ಲಿ ಎರಡನೆಯದು. ಕೋಶದಲ್ಲಿ ಇಬ್ಬರು ಮನುಷ್ಯರಾಗಿಬಿಡದಂತೆ ನೋಡಿಕೊಳ್ಳಿ.

ದೀಪಸ್ತಂಭ ಉತ್ತರ:

ಗ್ರೀಕ್ ಮತ್ತು ಲ್ಯಾಟಿನ್ ಹೆಸರುಗಳ ಬಗ್ಗೆ ಬರೆಯುತ್ತೇನೆ. ಇವನ್ನು ಪಟ್ಟಿಗಾರರು ಅವಸರದಲ್ಲಿ ದಾಟಿಬಿಡುತ್ತಾರೆ. ಇದಕ್ಕೆ ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯ ಒಂದೇ ಸಾಕು. ತೆರ್ತ್ಯ (16:22) ಎಂದರೆ ಲ್ಯಾಟಿನ್ನಿನಲ್ಲಿ ‘ಮೂರನೆಯವನು’, ಕ್ವರ್ತ (16:23) ‘ನಾಲ್ಕನೆಯವನು’. ಪೆರ್ಸೀಸ್ ‘ಪರ್ಸಿಯದವಳು’. ಸ್ತಾಖು ‘ಧಾನ್ಯದ ತೆನೆ’. ಅಸುಂಕ್ರಿತ ‘ಹೋಲಿಕೆಯಿಲ್ಲದವನು’. ಇಂಥ ಹೆಸರುಗಳಲ್ಲಿ ಹಲವು ದಾಸರಲ್ಲೂ ಬಿಡುಗಡೆಯಾದ ದಾಸರಲ್ಲೂ ಬಳಕೆಯಲ್ಲಿದ್ದವು, ದಾಸನಿಗೆ ಹೆಸರಿಡುವವನು ಒಡೆಯ. ಓನೇಸಿಮ, ಅಂದರೆ ‘ಪ್ರಯೋಜನಕ್ಕೆ ಬರುವವನು’, ದಾಸರ ಮಾಮೂಲಿ ಹೆಸರು. ಫಿಲೆಮೋನನಿಗೆ ಬರೆದ ಪತ್ರದ 11ನೆಯ ವಚನದಲ್ಲಿ ‘ಮೊದಲು ನಿನಗೆ ನಿಷ್ಪ್ರಯೋಜಕ, ಈಗ ಪ್ರಯೋಜಕ’ ಎಂದು ಪೌಲ ಆಟವಾಡುವುದು ಅದನ್ನೇ ಇಟ್ಟುಕೊಂಡು. 20ನೆಯ ವಚನದಲ್ಲಿ ಅದೇ ಧಾತುವಿನ ಕ್ರಿಯಾಪದವನ್ನೂ ತರುತ್ತಾನೆ, ಅದು ಅನುವಾದದಲ್ಲಿ ಕಾಣುವುದೇ ಇಲ್ಲ.

ದೇವತೆಗಳ ಹೆಸರೂ ಸಾಕಷ್ಟಿವೆ. ಫೊಯಿಬೆ ಆರ್ತೆಮಿಯ ಬಿರುದು. ಹೆರ್ಮ, ನೇರೆಯ, ಅಪೊಲ್ಲೋಸ, ಎಪಫ್ರೊದೀತ (ಅಫ್ರೊದೀತೆಗೆ ಸೇರಿದವನು), ಅರೆಯೊಪಾಗದ ದಿಯೊನುಸ್ಯ. ಸಭೆಗೆ ಸೇರಿದ ಮೇಲೂ ಇವರು ಹೆಸರು ಬದಲಾಯಿಸಿಕೊಳ್ಳಲಿಲ್ಲ. ದೀಕ್ಷಾಸ್ನಾನಕ್ಕೆ ಹೊಸ ಹೆಸರು ಎಂಬುದು ಆಗಿನ ಪದ್ಧತಿಯಲ್ಲ. 3ನೆಯ ಶತಮಾನದ ನಡುವಿನಲ್ಲಿ ಅಲೆಕ್ಸಾಂದ್ರಿಯದ ಬಿಷಪ್ ದಿಯೊನೀಸಿಯಸ್, ವಿಶ್ವಾಸಿಗಳ ಮಕ್ಕಳಲ್ಲಿ ಬಹುಮಂದಿಗೆ ಪೌಲ, ಪೇತ್ರ ಎಂದು ಹೆಸರಿಡುತ್ತಾರೆ ಎನ್ನುತ್ತಾನೆ. ಹಾಗೆಂದ ಬಿಷಪ್ಪನ ಹೆಸರಲ್ಲೇ ದ್ರಾಕ್ಷಾರಸದ ದೇವತೆ ದಿಯೊನೀಸಸ್ ಕೂತಿದ್ದಾನೆ!

ಈಗ ಯೂನ್ಯ (ರೋಮಾಪುರದವರಿಗೆ 16:7). ಗ್ರೀಕಿನಲ್ಲಿ ಅಲ್ಲಿರುವುದು ದ್ವಿತೀಯಾ ವಿಭಕ್ತಿಯ ‘ಇಯೂನಿಯಾನ್’. ಗಂಡೋ ಹೆಣ್ಣೋ ಎಂಬುದನ್ನು ಸ್ವರಚಿಹ್ನೆ (ಉಚ್ಚಾರದ ಒತ್ತು ತೋರಿಸುವ ಗುರುತು) ಒಂದೇ ತೀರ್ಮಾನಿಸುತ್ತದೆ, ಹಳೆಯ ಹಸ್ತಪ್ರತಿಗಳಲ್ಲಿ ಆ ಚಿಹ್ನೆಗಳೇ ಇಲ್ಲ. ಆದರೆ ‘ಯೂನಿಯಾ’ ಎಂಬ ಹೆಣ್ಣಿನ ಹೆಸರು ರೋಮಿನ ಶಾಸನಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಗಂಡಸಿನದೆಂದು ಹೇಳುವ ‘ಯೂನಿಯಾಸ್’ ಎಂಬ ಮೊಟಕು ರೂಪ ಒಂದು ಶಾಸನದಲ್ಲೂ ಇಲ್ಲ. 4ನೆಯ ಶತಮಾನದ ಗ್ರೀಕ್ ಧರ್ಮಬೋಧಕ ಕ್ರಿಸೊಸ್ತೊಮ್ ಆಕೆಯನ್ನು ಹೆಂಗಸೆಂದೇ ತಿಳಿದು ಹೊಗಳಿದ್ದಾನೆ. ಗ್ರೀಕ್ ಹೊಸ ಒಡಂಬಡಿಕೆಯ 1927ರ ನೆಸ್ಲೆ ಮುದ್ರಣದಿಂದ ಗಂಡಸಿನ ಸ್ವರಚಿಹ್ನೆ ಅಚ್ಚಾಗತೊಡಗಿತು, 1998ರಲ್ಲಿ ಹೆಣ್ಣಿನ ರೂಪ ಮರಳಿತು. ಕನ್ನಡದಲ್ಲಿ ಈ ವಿಷಯ ಹಾರಿಸಿಬಿಡಲು ಆಗುವುದಿಲ್ಲ. ವಿಭಕ್ತಿ ಹಚ್ಚಿದ ಕೂಡಲೇ ‘ಯೂನ್ಯನಿಗೆ’ ಅಥವಾ ‘ಯೂನ್ಯಳಿಗೆ’ ಎಂದು ಆಯ್ದುಕೊಳ್ಳಲೇಬೇಕು. ‘ಯೂನ್ಯಳು’ ಎಂದು ಹಾಕಿ.

ಮಳೆಬಿಲ್ಲು_ಮೈಸೂರು ಉತ್ತರ:

ಕೋಶ ಕರ್ನಾಟಕದ ಓದುಗರಿಗಾದರೆ ಹಳೇ ಮೈಸೂರು ಕಡೆಯ ಕಥೋಲಿಕರ ಹೆಸರುಗಳಿಗೂ ಒಂದು ಅನುಬಂಧ ಕೊಡಿ. ಅರುಳಪ್ಪ ಎಂಬುದು ಯೋಹಾನ. ಹೀಬ್ರೂವಿನ ‘ಯೋಹಾನಾನ್’, ಅಂದರೆ ‘ಯೆಹೋವನು ಕೃಪೆ ತೋರಿದನು’ ಎಂಬುದರಲ್ಲಿನ ಕೃಪೆಯನ್ನು ತಮಿಳಿನ ‘ಅರುಳ್’ ಮಾಡಿದ್ದಾರೆ. ಚಿನ್ನಪ್ಪ ಎಂಬುದು ಪೌಲ, ಲ್ಯಾಟಿನ್ನಿನ ‘ಚಿಕ್ಕವನು’ ಎಂಬುದರ ನೇರ ಅನುವಾದ. ಕನ್ನಡದವರು ಚಿನ್ನವನ್ನು ಬಂಗಾರ ಎಂದು ಓದಿಕೊಳ್ಳುತ್ತಾರೆ, ಇಲ್ಲಿರುವುದು ತಮಿಳಿನ ‘ಚಿನ್ನ’. ಹಿಂದೂಗಳಲ್ಲೂ ಕೊಡವರಲ್ಲೂ ಚಿನ್ನಪ್ಪ ಎಂಬ ಹೆಸರುಂಟು, ಅದಕ್ಕೂ ಪೌಲನಿಗೂ ನಂಟಿಲ್ಲ. ಪೇತ್ರನಿಗೆ ರಾಯಪ್ಪ, ತೆಲುಗಿನ ‘ರಾಯಿ’, ಅಂದರೆ ಕಲ್ಲು. ಚೌರಪ್ಪ, ಇನ್ನಾಸಪ್ಪ ಬಂದದ್ದು 16ನೆಯ ಶತಮಾನದ ಸಂತರಾದ ಶವೇರಿಯರ್, ಇಗ್ನೇಷಿಯಸ್ ಅವರಿಂದ. ಅವು ಈ ಕೋಶಕ್ಕೆ ಸೇರುವುದಿಲ್ಲ.

ಶಿಲಾಕ್ಷರ:

ಅರುಳಪ್ಪ, ಚಿನ್ನಪ್ಪ ಸರಿ. ರಾಯಪ್ಪನನ್ನು ಅಷ್ಟು ಖಡಾಖಂಡಿತವಾಗಿ ಬರೆಯಬೇಡಿ. ‘ರಾಯ’ ಎಂದರೆ ಅರಸ ಎಂಬ ಓದಿಗೂ ಅಡ್ಡಿಯಿಲ್ಲ, ಅಪೊಸ್ತಲರಲ್ಲಿ ಮೊದಲಿಗನಿಗೆ ಅದೂ ಒಪ್ಪುತ್ತದೆ. ಕಲ್ಲಿನ ಅರ್ಥ ಇಷ್ಟವಾಗುವುದು ಅದು ಪೇತ್ರನಿಗೆ ತುಂಬ ಚೆನ್ನಾಗಿ ಕೂರುತ್ತದೆ ಎಂಬ ಕಾರಣಕ್ಕೆ, ಅದೇ ಕಾರಣಕ್ಕೆ ಎಚ್ಚರವೂ ಬೇಕು. ‘ಪೇತ್ರನಿಗೆ ಇರುವ ಹೆಸರು’ ಎಂದಷ್ಟು ಬರೆದು ಎರಡೂ ಓದುಗಳನ್ನು ಕೊಡಿ.

ಪೇತ್ರನ ನಮೂದಿನಲ್ಲಿ ಅರಾಮಿಕ್ ‘ಕೇಫಾ’ ಮೊದಲು ಬರಲಿ, ಗ್ರೀಕ್ ‘ಪೆತ್ರೊಸ್’ ಅದರ ಅನುವಾದ (ಯೋಹಾನ 1:42). ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲ ಎರಡನ್ನೂ ಬಳಸುತ್ತಾನೆ. ಗ್ರೀಕಿನಲ್ಲಿ ಬಂಡೆ ‘ಪೆತ್ರಾ’, ಅದು ಸ್ತ್ರೀಲಿಂಗ, ಗಂಡಸಿಗೆ ಇಡಲು ‘ಪೆತ್ರೊಸ್’ ಆಯಿತು. ‘ನೀನು ಪೇತ್ರನು, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂಬ ಮತ್ತಾಯ 16:18ರ ಮೇಲೆ ಜಗಳವಾಡುವವರು ಈ ಎರಡು ರೂಪಗಳ ನಡುವೆ ದೊಡ್ಡ ಕಂದಕ ತೋಡುತ್ತಾರೆ. ಅರಾಮಿಕ್‌ನಲ್ಲಿ ಎರಡೂ ಕಡೆ ‘ಕೇಫಾ’ ಒಂದೇ.

ಪದಪೆಟ್ಟಿಗೆ:

ಉಳಿದದ್ದು ಮರಿಯ ಮತ್ತು ಬಾರ್ನಬ. ನಮೂದಿನ ಮಾದರಿಯನ್ನೂ ಒಂದು ಹಾಕಿದರೆ ಅದರಂತೆ ಮುಂದುವರಿಯಬಹುದು.

ತಾಳೆಗರಿ:

ಮರಿಯ ಎಂಬುದು ಹೀಬ್ರೂವಿನ ‘ಮಿರ್ಯಾಮ್’, ಮೋಶೆಯ ಅಕ್ಕನ ಹೆಸರು. ಗ್ರೀಕಿನಲ್ಲಿ ವಿಭಕ್ತಿಯಿಲ್ಲದ ‘ಮರಿಯಮ್’ (ಲೂಕ 1:27), ವಿಭಕ್ತಿಯುಳ್ಳ ‘ಮರಿಯಾ’ ಎರಡೂ ಇವೆ. ಅರ್ಥ ತೀರ್ಮಾನವಾಗಿಲ್ಲ, ಹಾಗೆಂದೇ ಬರೆಯಿರಿ. ಈಜಿಪ್ಟಿನ ಭಾಷೆಯ ‘ಪ್ರಿಯ’ ಎಂಬ ಧಾತುವಿನಿಂದ ಬಂದಿರಬಹುದು ಎಂಬುದು ಒಂದು ಊಹೆ. ‘ಸಮುದ್ರದ ನಕ್ಷತ್ರ’ ಹುಟ್ಟಿದ ಬಗೆ ವಿಚಿತ್ರ. 4ನೆಯ ಶತಮಾನದ ಕೊನೆಗೆ ಲ್ಯಾಟಿನ್ ಬೈಬಲಿನ ಅನುವಾದಕ ಜೆರೋಮ್ ಹೀಬ್ರೂ ಹೆಸರುಗಳ ಕೋಶ ಬರೆದಾಗ ‘ಮರ್’ ಎಂದರೆ ಹನಿ, ‘ಯಾಮ್’ ಎಂದರೆ ಸಮುದ್ರ ಎಂದು ಒಡೆದು ‘ಸ್ಟಿಲ್ಲಾ ಮಾರಿಸ್’, ಸಮುದ್ರದ ಹನಿ, ಎಂದು ಕೊಟ್ಟಿದ್ದು ಎನ್ನುತ್ತಾರೆ. ನಕಲು ಮಾಡುವವರ ಕೈಯಲ್ಲಿ ‘ಸ್ಟಿಲ್ಲಾ’ ಹೋಗಿ ‘ಸ್ಟೆಲ್ಲಾ’ ಆಯಿತು, ಹನಿ ನಕ್ಷತ್ರವಾಯಿತು. ಭಕ್ತಿಗೀತೆಗಳಲ್ಲಿ ಅದು ಇರಲಿ, ಅರ್ಥದ ಅಂಕಣದಲ್ಲಿ ಬೇಡ. ನೀವು ಕಂಡ ಪೌಲನ ‘ಅದ್ಭುತ’ವೂ ಅದೇ ಕೋಶದ್ದು, ಲ್ಯಾಟಿನ್ ಹೆಸರನ್ನು ಹೀಬ್ರೂವಿನಲ್ಲಿ ಒಡೆದದ್ದರ ಫಲ. ಮಧ್ಯಯುಗದವರು ಅದನ್ನು ನಕಲು ಮಾಡುತ್ತ ಬಂದರು, ಜಾಲತಾಣಗಳು ಇನ್ನೂ ಮಾಡುತ್ತಿವೆ.

ಬಾರ್ನಬನಿಗೆ ಲೂಕ ಕೊಟ್ಟ ಅರ್ಥ ‘ಸಂತೈಕೆಯ (ಅಥವಾ ಉತ್ತೇಜನದ) ಮಗ’. ‘ಬಾರ್’ ಮಗ ಎನ್ನುವುದು ಸರಿ, ‘ನಬ’ ಎಂಬ ಭಾಗಕ್ಕೆ ಅರಾಮಿಕ್‌ನಲ್ಲಿ ಆ ಅರ್ಥ ನೇರವಾಗಿ ಸಿಗುವುದಿಲ್ಲ. ಪ್ರವಾದನೆ ಎಂಬ ಪದಕ್ಕೆ ಜೋಡಿಸುವವರು ಕೆಲವರು, ಬಾಬೆಲಿನ ನೆಬೋ ದೇವತೆಯ ಹೆಸರೆನ್ನುವವರು ಕೆಲವರು. ಇಂಥ ಕಡೆ ಎರಡು ಅಂಕಣ ಬೇಕು: ಒಂದು ‘ಪಠ್ಯ ಹೇಳುವ ಅರ್ಥ’, ಇನ್ನೊಂದು ‘ಭಾಷಾಶಾಸ್ತ್ರದ ಅರ್ಥ’. ಎರಡನ್ನೂ ಬೆರೆಸಿದರೆ ಓದುಗರಿಗೆ ಯಾವುದು ಯಾರ ಮಾತು ಎಂದು ತಿಳಿಯುವುದಿಲ್ಲ.

ಕಾಗುಣಿತವನ್ನೂ ಮರೆಯಬೇಡಿ. ಸತ್ಯವೇದದ ಯೋಹಾನ ಕಥೋಲಿಕ ಅನುವಾದದಲ್ಲಿ ಯೊವಾನ್ನ. ಎರಡನ್ನೂ ಶೀರ್ಷಿಕೆಯಲ್ಲಿ ಕೊಟ್ಟು ಒಂದರಿಂದ ಇನ್ನೊಂದಕ್ಕೆ ‘ನೋಡಿ’ ಹಾಕಿ. ಮಾದರಿ ಹೀಗಿರಬಹುದು:

ಲಾಜರ. ಗ್ರೀಕ್ ರೂಪ ಲಾಜರೊಸ್, ವಿಭಕ್ತಿ ಉಂಟು. ಮೂಲ ಹೀಬ್ರೂ, ‘ಎಲ್ಆಜಾರ್’ ಎಂಬುದರ ಮೊಟಕು ರೂಪ ‘ಲಾಜಾರ್’. ಪಠ್ಯ ಹೇಳುವ ಅರ್ಥ: ಇಲ್ಲ. ಭಾಷಾಶಾಸ್ತ್ರದ ಅರ್ಥ: ‘ದೇವರು ನೆರವಾದನು’. ಹಳೆಯ ಒಡಂಬಡಿಕೆಯ ಜೋಡಿ: ಆರೋನನ ಮಗ ಎಲಿಯಾಜರ. ಬರುವ ಕಡೆ: ಲೂಕ 16:20 (ಯೇಸು ಹೇಳಿದ ದೃಷ್ಟಾಂತದ ಭಿಕ್ಷುಕ), ಯೋಹಾನ 11:1 (ಬೇಥಾನ್ಯದವನು). ಇಬ್ಬರೂ ಬೇರೆ ಬೇರೆ.